‘ನರೋದ್’ ಪದವನ್ನು ಕನ್ನಡಕ್ಕೆ ತರುವ ಬಗೆ

ರಷ್ಯನ್, ಚೆಕ್, ಸರ್ಬಿಯನ್ ಬರಹಗಳನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತರುವವರು ‘ಪೀಪಲ್’, ‘ನೇಷನ್’ ಎಂಬ ಎರಡು ಪದ ಕಂಡಾಗ ಅಲ್ಲಿಯೇ ನಿಲ್ಲಬೇಕು. ಎಷ್ಟೋ ಸಲ ಎರಡರ ಹಿಂದೆಯೂ ಈ ಭಾಷೆಗಳ ‘ನರೋದ್’ ಎಂಬ ಒಂದೇ ಪದ ಇರುತ್ತದೆ. ಸಾಧ್ಯವಾದರೆ ಮೂಲ ವಾಕ್ಯ ತೆಗೆದು ನೋಡಿ.

‘ನ’ ಉಪಸರ್ಗ, ‘ರೋದ್’ ಅಂದರೆ ಹುಟ್ಟು, ಕುಲ. ರಷ್ಯನ್ನಿನ ‘ರೋದಿನಾ’, ಅಂದರೆ ತಾಯ್ನಾಡು, ಇದೇ ಬೇರಿನದು. ನಮ್ಮ ‘ಜನ’ವೂ ಹುಟ್ಟು ಎಂಬರ್ಥದ ‘ಜನ್’ ಧಾತುವಿನಿಂದ ಬಂದದ್ದು. ಹಾಗಾಗಿ ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಜನ’ ಎಂದೇ ಬರೆದು, ಆಮೇಲೆ ಒಂದೊಂದೇ ತಿದ್ದಿ.

ತಿದ್ದುವಾಗ ಭಾಷೆ ಯಾವುದೆಂದು ಮೊದಲು ನೋಡಿ. ಚೆಕ್, ಪೋಲಿಷ್‌ನಲ್ಲಿ ಅದು ಹೆಚ್ಚಾಗಿ ‘ರಾಷ್ಟ್ರ’. ಸಾಮಾನ್ಯ ಜನಕ್ಕೆ ಚೆಕ್‌ನಲ್ಲಿ ‘ಲಿದ್’, ಪೋಲಿಷ್‌ನಲ್ಲಿ ‘ಲುದ್’ ಬೇರೆ ಇವೆ. ಪ್ರಾಗ್‌ನಲ್ಲಿ 1881ರಲ್ಲಿ ತೆರೆದು, ಬೆಂಕಿಗೆ ತುತ್ತಾಗಿ, 1883ರಲ್ಲಿ ಮತ್ತೆ ತೆರೆದ ‘ನಾರೊದ್ನೀ ದಿವದ್ಲೊ’ ರಾಷ್ಟ್ರೀಯ ರಂಗಮಂದಿರ. ಅದನ್ನು ‘ಜನರ ರಂಗಮಂದಿರ’ ಎಂದರೆ ಚೆಕ್ಕರು ಅದನ್ನು ಕಟ್ಟಿದ ಉದ್ದೇಶವೇ ಮರೆಯಾಗುತ್ತದೆ.

ರಷ್ಯನ್ನಿನಲ್ಲಿ ರಾಷ್ಟ್ರಕ್ಕೆ ‘ನಾತ್ಸಿಯಾ’ ಇದೆ. ನರೋದ್ ಜನಸಾಮಾನ್ಯರ ಕಡೆಗೆ ವಾಲುತ್ತದೆ. 1874ರ ಬೇಸಿಗೆಯಲ್ಲಿ ರೈತರ ನಡುವೆ ಕೆಲಸ ಮಾಡಲು ಹಳ್ಳಿಗಳಿಗೆ ಹೋದ ವಿದ್ಯಾವಂತ ಯುವಕರು ‘ನರೋದ್ನಿಕ್’ಗಳು. ಅವರನ್ನು ‘ರಾಷ್ಟ್ರವಾದಿಗಳು’ ಎಂದು ಬರೆಯುವುದು ದೊಡ್ಡ ತಪ್ಪು, ಏಕೆಂದರೆ ಅವರು ಸಮಾಜವಾದಿಗಳು. ಇನ್ನು ಮಾತುಕತೆಯಲ್ಲಿ ‘ಮ್ನೋಗೊ ನರೋದು’, ಅಂದರೆ ತುಂಬ ಜನ, ಎಂದು ಬಂದರೆ ಗ್ರಂಥಭಾಷೆ ಬೇಡ. ಶರಣಬಸವೇಶ್ವರ ಜಾತ್ರೆಯಲ್ಲಿ ಕಲಬುರಗಿಯವರು ‘ಭಾಳ ಮಂದಿ ಕೂಡ್ಯಾರ’ ಅಂತಾರಲ್ಲ, ಅದೇ ಸರಿಯಾದ ಅನುವಾದ. ಶಿಷ್ಟ ಕನ್ನಡದ ‘ಜನಸಂದಣಿ’ಗೆ ಈ ಬಿಸುಪು ಇಲ್ಲ.

ಹಾಡು, ಕತೆಗಳ ಮುಂದೆ ‘ನರೋದ್ನಿ’, ‘ನರೋದ್ನಾ’ ಬಂದರೆ ‘ಜನಪದ’ ಎಂದು ಹಾಕಿ. ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲಿ ‘ಜನಪದ’ ಎಂದರೆ ಕಾವೇರಿಯಿಂದ ಗೋದಾವರಿಯವರೆಗಿನ ನಾಡು; ಇಂದು ಅದು ಹಾಡು-ಕುಣಿತದ ಪದ. ನಾಡು ಮತ್ತು ಜನಸಾಮಾನ್ಯ ಎರಡನ್ನೂ ಹೊರುವ ಪದ ನಮ್ಮಲ್ಲೂ ಇತ್ತೆಂಬುದನ್ನು ಅನುವಾದಕರು ನೆನಪಿಡಬೇಕು.

ಯುಗೊಸ್ಲಾವಿಯದ 1974ರ ಸಂವಿಧಾನ ಬಂದಾಗ ಮಾತ್ರ ಪದವನ್ನು ಅನುವಾದಿಸಬೇಡಿ. ಅಲ್ಲಿ ಸರ್ಬರು, ಕ್ರೊಯಾಟರು ‘ನರೋದ್’. ಅಲ್ಬೇನಿಯನ್ನರು, ಹಂಗೇರಿಯನ್ನರು ‘ನರೋದ್ನೊಸ್ತ್’, ಅಂದರೆ ಮೂಲ ರಾಷ್ಟ್ರ ಯುಗೊಸ್ಲಾವಿಯದ ಹೊರಗಿದ್ದ ಸಮುದಾಯ. ಇದು ಕಾನೂನಿನ ವ್ಯತ್ಯಾಸ. ‘ಜನಾಂಗ’ ಎಂದರೆ ನಮ್ಮ ಓದುಗರು ಜಾತಿ ಎಂದುಕೊಳ್ಳುತ್ತಾರೆ. ಮೂಲ ಪದವನ್ನೇ ಕನ್ನಡ ಲಿಪಿಯಲ್ಲಿಟ್ಟು, ಮೊದಲ ಸಲ ಬಂದ ಕಡೆ ಒಂದು ಸಾಲಿನ ಅಡಿಟಿಪ್ಪಣಿ ಕೊಡಿ.