ಕಾರ್ಡ್ ಬಿಲ್‌ನ ‘ಕನಿಷ್ಠ ಮೊತ್ತ’ ಕಟ್ಟಿ ಸುಮ್ಮನಾಗಬೇಡಿ

ಕ್ರೆಡಿಟ್ ಕಾರ್ಡ್ ಬಿಲ್‌ನಲ್ಲಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವ ಅಭ್ಯಾಸ ಇದ್ದರೆ ಈ ಲೆಕ್ಕ ನೋಡಿ. ಬಾಕಿ 10,000, ಬಡ್ಡಿ ತಿಂಗಳಿಗೆ ಶೇ 3, ಕನಿಷ್ಠ ಪಾವತಿ ಶೇ 5 ಅಂದುಕೊಳ್ಳಿ. ಮೊದಲ ತಿಂಗಳು ಕಟ್ಟಿದ 500ರಲ್ಲಿ 300 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 200 ಮಾತ್ರ. ಹೊಸ ಖರೀದಿ ಒಂದೂ ಮಾಡದೆ ವರ್ಷ ಪೂರ್ತಿ ಹೀಗೇ ಕಟ್ಟಿದರೆ ಕೈಯಿಂದ ಸುಮಾರು 5,380 ಹೋಗಿರುತ್ತದೆ, ಬಾಕಿ ಮಾತ್ರ ಇನ್ನೂ 7,850ರ ಹತ್ತಿರವೇ ನಿಂತಿರುತ್ತದೆ. ಬಾಕಿ ಇಳಿದಂತೆ ಕನಿಷ್ಠ ಮೊತ್ತವೂ ಇಳಿಯುತ್ತದೆ, ಅದಕ್ಕೇ ಸಾಲ ಎಳೆಯುತ್ತಲೇ ಹೋಗುವುದು. ಬಿಲ್ ಎಷ್ಟೇ ಕಡಿಮೆ ಕೇಳಲಿ, ತಿಂಗಳು ತಿಂಗಳೂ ಅದೇ 500 ಕಟ್ಟಿ: ಸುಮಾರು 31 ತಿಂಗಳಲ್ಲಿ ತೀರುತ್ತದೆ. 1,000 ಕಟ್ಟಿದರೆ ಒಂದು ವರ್ಷದ ಆಸುಪಾಸು ಸಾಕು.

ಹಲವರು ಗಮನಿಸದ ವಿಷಯ ಇನ್ನೊಂದಿದೆ. ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿ ಇರುವುದಿಲ್ಲ, ಹೊಸ ಖರೀದಿಗೂ ಅಂದಿನಿಂದಲೇ ಬಡ್ಡಿ. ಹಾಗಾಗಿ ತೀರುವವರೆಗೆ ಆ ಕಾರ್ಡ್ ಮುಟ್ಟಬೇಡಿ. ಅದರಿಂದ ನಗದು ತೆಗೆಯುವುದಂತೂ ಬೇಡವೇ ಬೇಡ.

ಆಟೋ ಡೆಬಿಟ್ ಇಟ್ಟಿದ್ದರೆ ಇವತ್ತೇ ತೆರೆದು ನೋಡಿ, ಎಷ್ಟೋ ಸಲ ಅಲ್ಲಿ ‘ಕನಿಷ್ಠ ಮೊತ್ತ’ ಆಯ್ಕೆಯಾಗಿರುತ್ತದೆ. ಪೂರ್ತಿ ಕಟ್ಟಲು ಆಗುವವರು ‘ಪೂರ್ಣ ಮೊತ್ತ’ಕ್ಕೆ ಬದಲಿಸಿ. ಡೆಬಿಟ್ ದಿನ ಸಂಬಳ ಬಂದ ಎರಡು-ಮೂರು ದಿನಕ್ಕೆ ಇರಲಿ.