ಟ್ಯಾಪೆಟ್ ಸೆಟ್ ಮಾಡಿಸುವ ಮುಂಚೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡಿ

ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು. ಹತ್ತು ನಿಮಿಷ ಓಡಿಸಿದ ಮೇಲೆ ಅದು ತಾನಾಗಿಯೇ ಕಡಿಮೆ. ನಮ್ಮ ಮನೆಯ ಹಳೇ ಅಂಬಾಸಿಡರ್‌ಗೆ ಹೀಗಾದಾಗ ಗ್ಯಾರೇಜಿನಲ್ಲಿ ಎರಡು ಸಲ ಟ್ಯಾಪೆಟ್ ಸೆಟ್ ಮಾಡಿಕೊಟ್ಟರು, ಅಂದರೆ ವಾಲ್ವ್ ಒತ್ತುವ ಭಾಗದ ಸಂದು ಸರಿಮಾಡಿದರು. ಸದ್ದು ಹೋಗಲಿಲ್ಲ. ಕೊನೆಗೆ ಬಿಚ್ಚಿ ನೋಡಿದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮಧ್ಯದಲ್ಲಿ ಬೆರಳಗಲ ಸುಟ್ಟುಹೋಗಿತ್ತು. ಮ್ಯಾನಿಫೋಲ್ಡ್ ಅಂದರೆ ಎಂಜಿನ್ನಿಗೆ ಕೂಡುವ ಕವಲು ಪೈಪು: ಪೆಟ್ರೋಲ್-ಗಾಳಿ ಒಳಗೆ ತರುವುದು ಇಂಟೇಕ್, ಹೊಗೆ ಹೊರಗೊಯ್ಯುವುದು ಎಕ್ಸಾಸ್ಟ್. ಅದು ಎಂಜಿನ್ನಿಗೆ ಕೂಡುವಲ್ಲಿ ಸಂದು ಮುಚ್ಚುವ ಹಾಳೆಯೇ ಗ್ಯಾಸ್ಕೆಟ್, ಮೆಕ್ಯಾನಿಕ್‌ಗಳ ಬಾಯಲ್ಲಿ ಇದೇ ಪ್ಯಾಕಿಂಗ್. ಬೆಲೆ ಜಾಸ್ತಿ ಇಲ್ಲ, ಬದಲಾಯಿಸಲು ಬೇಕಾಗಿರುವುದು ತಾಳ್ಮೆ.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ ಇಂಟೇಕ್, ಎಕ್ಸಾಸ್ಟ್ ಎರಡೂ ಹೆಡ್‌ನ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗದ) ಒಂದೇ ಬದಿಯಲ್ಲಿವೆ. ಸಿಲಿಂಡರ್ ನಾಲ್ಕು, ಹೆಡ್‌ನ ಪಕ್ಕದಲ್ಲಿ ಬಾಯಿ ಮಾತ್ರ ಐದೇ. ಇಂಟೇಕ್ ಬಾಯಿ ಎರಡು, ಒಂದೊಂದೂ ಎರಡೆರಡು ಸಿಲಿಂಡರ್‌ಗೆ. ಎಕ್ಸಾಸ್ಟ್ ಬಾಯಿ ಮೂರು, ಮಧ್ಯದ್ದು 2 ಮತ್ತು 3ನೇ ಸಿಲಿಂಡರ್ ಎರಡಕ್ಕೂ ಸೇರಿದ್ದು. ಎರಡು ಸಿಲಿಂಡರಿನ ಬೆಂಕಿ ಅಲ್ಲೇ ಹೊರಬರುತ್ತದೆ. ಹಾಗಾಗಿ ಪ್ಯಾಕಿಂಗ್ ನೋಡುವಾಗ ಮೊದಲ ಕಣ್ಣು ಆ ಮಧ್ಯದ ಬಾಯಿಯ ಮೇಲಿರಲಿ.

ಪ್ಯಾಕಿಂಗ್ ಹೋಗಿದೆ ಎಂದು ಗೊತ್ತಾಗುವುದು ಹೇಗೆ?

ಎಕ್ಸಾಸ್ಟ್ ಕಡೆ ಲೀಕ್ ಇದ್ದರೆ ಎಂಜಿನ್ ತಣ್ಣಗಿರುವಾಗ ಸದ್ದು ಜೋರು. ಬಿಸಿಯಾದಂತೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಇಳಿಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರುತ್ತದೆ. ಟ್ಯಾಪೆಟ್ ಸದ್ದು ಹೀಗೆ ಲೋಡ್ ನೋಡಿಕೊಂಡು ಏರಿಳಿಯುವುದಿಲ್ಲ. ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಹೆಡ್‌ಗೆ ಕೂಡುವ ಜಾಗ ನೋಡಿ. ಲೀಕ್ ಇರುವಲ್ಲಿ ಕಪ್ಪು ಮಸಿ ಬೀಸಣಿಗೆಯ ಹಾಗೆ ಹರಡಿರುತ್ತದೆ. ಇನ್ನೊಂದು ಉಪಾಯ: ಎಂಜಿನ್ ಓಡುತ್ತಿರುವಾಗಲೇ ಒಂದು ಮೀಟರ್ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಯ ಹತ್ತಿರ ಇಟ್ಟುಕೊಳ್ಳಿ, ಇನ್ನೊಂದು ತುದಿಯನ್ನು ಜಾಯಿಂಟ್ ಉದ್ದಕ್ಕೂ ನಿಧಾನವಾಗಿ ಸರಿಸಿ. ಲೀಕ್ ಇರುವ ಕಡೆ ಬಂದಾಗ ಯಾರೋ ಕಿವಿಯಲ್ಲಿ ಉಫ್ ಉಫ್ ಎಂದು ಊದಿದ ಹಾಗೆ ಕೇಳುತ್ತದೆ. ಫ್ಯಾನ್ ಬೆಲ್ಟ್‌ನಿಂದ ಮಾತ್ರ ಪೈಪನ್ನೂ ಕೈಯನ್ನೂ ದೂರ ಇಡಿ.

ಇಂಟೇಕ್ ಕಡೆ ಹೋಗಿದ್ದರೆ ಲಕ್ಷಣ ಬೇರೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದು) ಒಂದೇ ಸಮ ಇರುವುದಿಲ್ಲ, ಕಾರ್ಬುರೇಟರ್ ಎಷ್ಟು ಟ್ಯೂನ್ ಮಾಡಿದರೂ ಮತ್ತೆ ಹಾಗೇ. ಸಂದಿನಿಂದ ಹೆಚ್ಚುವರಿ ಗಾಳಿ ಒಳಗೆ ನುಗ್ಗಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಶುರುವಾಗುತ್ತದೆ. ಎಂಜಿನ್ ಓಡುತ್ತಿರುವಾಗ ಇಂಟೇಕ್ ಜಾಯಿಂಟ್ ಮೇಲೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಐಡ್ಲಿಂಗ್ ಥಟ್ಟನೆ ಬದಲಾದರೆ ಅಲ್ಲೇ ಲೀಕ್. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ದಯವಿಟ್ಟು ಬೇಡ. ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ.

ಎಕ್ಸಾಸ್ಟ್ ಲೀಕನ್ನು ಸದ್ದಿಗಷ್ಟೇ ಸಂಬಂಧಪಟ್ಟದ್ದು ಎಂದು ಬಿಡಬೇಡಿ. ಹೊರಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವಕ್ಕೇ ಅಪಾಯ. ಗಾಡಿ ಒಳಗೆ ಕೂತಾಗ ತಲೆನೋವು ಬಂದರೆ ಮೊದಲು ಕಿಟಕಿ ತೆಗೆದು ಕೆಳಗಿಳಿಯಿರಿ. ಈ ಪರೀಕ್ಷೆಗಳನ್ನೂ ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಅಲ್ಲ.

ಬಿಚ್ಚುವುದು

ಹಿಂದಿನ ರಾತ್ರಿಯೇ ನಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಇನ್ನೊಂದು ಸಲ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಏರ್ ಕ್ಲೀನರ್, ಪೆಟ್ರೋಲ್ ಪೈಪ್, ಚೋಕ್ ಮತ್ತು ಆಕ್ಸಿಲರೇಟರ್ ಕೇಬಲ್ ಬಿಚ್ಚಿ. ಪೆಟ್ರೋಲ್ ಪೈಪಿನ ಬಾಯಿಗೆ ಬಿರಡೆ ಹಾಕಿ. ಕಾರ್ಬುರೇಟರ್ ಮೊದಲೇ ತೆಗೆದಿಟ್ಟರೆ ಮುಂದಿನ ಕೆಲಸ ಸಲೀಸು. ಆಮೇಲೆ ಸೈಲೆನ್ಸರ್ ಪೈಪ್ ಮ್ಯಾನಿಫೋಲ್ಡ್‌ಗೆ ಸೇರುವ ಜಾಯಿಂಟ್ ಬಿಚ್ಚಿ.

ಈಗ ಮ್ಯಾನಿಫೋಲ್ಡ್ ನಟ್‌ಗಳು. ಅರ್ಧ ಇಂಚಿನ ಸ್ಪ್ಯಾನರ್ ಬೇಕು. ಎರಡೂ ತುದಿಯಿಂದ ಶುರುಮಾಡಿ ಮಧ್ಯಕ್ಕೆ ಬನ್ನಿ. ನಟ್ ಗಟ್ಟಿಯಾಗಿದ್ದರೆ ಒಂದೇ ಸಮ ಎಳೆಯಬೇಡಿ, ಸ್ಟಡ್ (ಹೆಡ್‌ನಿಂದ ಹೊರಚಾಚಿದ, ನಟ್ ಕೂರುವ ಸರಳು) ಮುರಿದೀತು. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಬಿಗಿಮಾಡಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ಬಂದರೆ ತುಕ್ಕು ಪುಡಿಯಾಗಿ ಉದುರುತ್ತದೆ. ನಟ್ ಜೊತೆ ಸ್ಟಡ್ಡೇ ಹೊರಬಂದರೆ ಗಾಬರಿ ಬೇಡ, ಥ್ರೆಡ್ ಚೆನ್ನಾಗಿದ್ದರೆ ಮತ್ತೆ ಹಾಕಬಹುದು.

ಹಳೇ ಪ್ಯಾಕಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಕೆರೆಯಿರಿ. ಗ್ರೈಂಡರ್ ಬ್ರಷ್ ಬೇಡ, ಗಾಳಿ ಊದುವುದೂ ಬೇಡ, ಮಾಸ್ಕ್ ಇರಲಿ. ಚೂರುಗಳು ಹೆಡ್ ಒಳಗೆ ಬೀಳದಂತೆ ಐದೂ ಬಾಯಿಗೆ ಬಟ್ಟೆ ತುರುಕಿ. ಬಟ್ಟೆ ಐದು ತುಂಡು ಎಂದು ಎಣಿಸಿಟ್ಟುಕೊಳ್ಳಿ, ತೆಗೆಯುವಾಗಲೂ ಎಣಿಸಿ.

ಮ್ಯಾನಿಫೋಲ್ಡ್ ನೆಟ್ಟಗಿದೆಯಾ?

ಬಹಳ ಜನ ಸುಮ್ನೆ ದಾಟಿಬಿಡುವ ಹಂತ ಇದೇ. ಹೊಸ ಪ್ಯಾಕಿಂಗ್ ಹಾಕಿ ಒಂದೇ ತಿಂಗಳಿಗೆ ಮತ್ತೆ ಟಿಕ್ ಟಿಕ್ ಎಂದರೆ ಕಾರಣ ಇಲ್ಲಿರುತ್ತದೆ. ಮ್ಯಾನಿಫೋಲ್ಡ್ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ 0.15 ಎಂ.ಎಂ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿದರೆ ಲೇತ್ ಅಂಗಡಿಗೆ ಕೊಟ್ಟು ಫೇಸಿಂಗ್ ಮಾಡಿಸಿ, ಅಂದರೆ ಮುಖ ತೇದು ಸಮ ಮಾಡಿಸಿ. ಒಂದೇ ದಪ್ಪ ವಾಷರ್ ಇಂಟೇಕ್, ಎಕ್ಸಾಸ್ಟ್ ಎರಡರ ಅಂಚನ್ನೂ ಒತ್ತಿ ಹಿಡಿಯುವ ಕಡೆ ಎರಡರ ದಪ್ಪವೂ ಸಮ ಇರಬೇಕು. ಒಂದನ್ನು ಮಾತ್ರ ತೇದರೆ ವಾಷರ್ ದಪ್ಪ ಇರುವ ಕಡೆಯೇ ಕೂರುತ್ತದೆ, ಇನ್ನೊಂದು ಸಡಿಲ. ಎಷ್ಟು ಬಿಗಿಮಾಡಿದರೂ ಪ್ರಯೋಜನ ಇಲ್ಲ.

ಕೂರಿಸುವುದು

ಇಂಥ ಹಳೇ ಗಾಡಿಯ ಪ್ಯಾಕಿಂಗ್‌ಗೆ ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಹಳೆಯದನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲೇ ತೂತಿಗೆ ತೂತು ಹೊಂದಿಸಿ ನೋಡಿ. ಒಂದು ಬದಿಗೆ ತಗಡು ಇದ್ದರೆ ಆ ಬದಿ ಮ್ಯಾನಿಫೋಲ್ಡ್ ಕಡೆಗೆ ಬರಬೇಕು. ಸಿಲಿಕಾನ್ ಪೇಸ್ಟ್ ಬಳಿಯಬೇಡಿ, ಎಕ್ಸಾಸ್ಟ್ ಬಿಸಿಗೆ ಅದು ಸುಟ್ಟು ಉದುರುತ್ತದೆ.

ಬಟ್ಟೆಗಳನ್ನು ತೆಗೆದು, ಪ್ಯಾಕಿಂಗ್ ಸ್ಟಡ್‌ಗೆ ತೂರಿಸಿ, ಮ್ಯಾನಿಫೋಲ್ಡ್ ಕೂರಿಸಿ ಎಲ್ಲ ನಟ್‌ಗಳನ್ನೂ ಕೈಯಲ್ಲೇ ಹತ್ತಿಸಿ. ಆಮೇಲೆ ಮಧ್ಯದಿಂದ ಶುರುಮಾಡಿ ಎರಡೂ ತುದಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಮಾಡುತ್ತಾ ಹೋಗಿ. ಟಾರ್ಕ್ ಸ್ಪ್ಯಾನರ್ (ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಇದ್ದರೆ ಸುಮಾರು 20 ನ್ಯೂಟನ್ ಮೀಟರ್ ಸಾಕು. ಬೇರೆ ಗಾಡಿಯಾದರೆ ಅದರ ಮ್ಯಾನ್ಯುಯಲ್‌ನಲ್ಲಿರುವ ಲೆಕ್ಕವೇ ಸರಿ. ಜಾಸ್ತಿ ಬಿಗಿಮಾಡಿದರೆ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಥ್ರೆಡ್ ಹೋಗುವುದು ಹಾಗೆಯೇ.

ಬಿಚ್ಚಿದ್ದನ್ನೆಲ್ಲ ಜೋಡಿಸಿ ಸ್ಟಾರ್ಟ್ ಮಾಡಿ. ಮೊದಲ ಐದಾರು ನಿಮಿಷ ಹೊಗೆ ಏಳುತ್ತದೆ. ಹಿಂದಿನ ರಾತ್ರಿ ಹಾಕಿದ ಎಣ್ಣೆ ಸುಡುವುದು ಅದು. ಪೆಟ್ರೋಲ್ ಜಿನುಗುತ್ತಿಲ್ಲವೇ ನೋಡಿ. ಒಂದೆರಡು ದಿನ ಓಡಿಸಿ, ಒಂದು ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಅದೇ ಕ್ರಮದಲ್ಲಿ ನಟ್‌ಗಳನ್ನು ಇನ್ನೊಮ್ಮೆ ಬಿಗಿನೋಡಿ. ಹೊಸ ಪ್ಯಾಕಿಂಗ್ ಬಿಸಿಗೆ ಅಮುಕಿಕೊಂಡು ಒಂದೆರಡು ನಟ್ ಸಡಿಲ ಸಿಗಬಹುದು.