ಆಕಸ್ಮಿಕ ಘಟನೆಗಳ ಎಣಿಕೆಗೆ ಪಾಯ್ಸಾನ್ ವಿತರಣೆಯನ್ನು ಅಳವಡಿಸುವ ವಿಧಾನ

ನಿಗದಿತ ಅವಧಿಯಲ್ಲಿ ಅಪರೂಪದ ಘಟನೆಯೊಂದು ಎಷ್ಟು ಬಾರಿ ಸಂಭವಿಸಬಹುದೆಂದು ಅಂದಾಜಿಸಲು ಪಾಯ್ಸಾನ್ ವಿತರಣೆಯನ್ನು ಬಳಸುತ್ತಾರೆ. ಇದನ್ನು ಕಲಿಯಲು ಸಂಖ್ಯಾಶಾಸ್ತ್ರಜ್ಞ ಲಾಡಿಸ್ಲಾಸ್ ಬೋರ್ಟ್‌ಕೀವಿಚ್ 1898ರಲ್ಲಿ ಪ್ರಕಟಿಸಿದ ಅಂಕಿಅಂಶಗಳಿಗಿಂತ ಉತ್ತಮವಾದ ಉದಾಹರಣೆ ನನಗೆ ಕಂಡಿಲ್ಲ. 1875ರಿಂದ 1894ರವರೆಗೆ ಪ್ರಷ್ಯಾದ ಸೇನಾದಳಗಳಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ಲೆಕ್ಕ ಅದು.

ಎಣಿಕೆಯ ಘಟಕವನ್ನು ಮೊದಲು ನಿರ್ಧರಿಸಬೇಕು. ಇಲ್ಲಿ ಒಂದು ದಳದ ಒಂದು ವರ್ಷವೇ ಘಟಕ. ದಳಗಳು ಒಟ್ಟು 14 ಇದ್ದರೂ, ರಚನೆಯಲ್ಲಿ ಭಿನ್ನವಾಗಿದ್ದ 4ನ್ನು ಬದಿಗಿಟ್ಟರೆ 10 ದಳಗಳ 20 ವರ್ಷ, ಅಂದರೆ 200 ಘಟಕಗಳು ಉಳಿಯುತ್ತವೆ. ಘಟನೆಯ ದರ ಎಲ್ಲ ಘಟಕಗಳಲ್ಲೂ ಒಂದೇ ಆಗಿರಬೇಕು ಮತ್ತು ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗಬಾರದು ಎಂಬುದು ಈ ವಿತರಣೆಯ ಆಧಾರವಾದ್ದರಿಂದ, ಇಂಥ ವಿಂಗಡಣೆ ಅಗತ್ಯ. ಆದರೆ ಅದನ್ನು ಘಟಕಗಳ ಸ್ವರೂಪ ನೋಡಿ ಮಾಡಬೇಕೇ ಹೊರತು, ಲೆಕ್ಕ ಹೊಂದಲಿಲ್ಲವೆಂಬ ಕಾರಣಕ್ಕೆ ಖಂಡಿತ ಮಾಡಬಾರದು.

ಮುಂದಿನದು ಸರಾಸರಿ. 200 ಘಟಕಗಳಲ್ಲಿ 122 ಸಾವುಗಳಾಗಿದ್ದರಿಂದ ದರ 0.61. ಗಣಿತದ ಸ್ಥಿರಾಂಕ 2.718ನ್ನು ಋಣ 0.61ರ ಘಾತಕ್ಕೆ ಏರಿಸಿದಾಗ ಬರುವ 0.543, ಒಂದೂ ಸಾವಾಗದಿರುವ ಸಂಭವನೀಯತೆ. ಅದನ್ನು 0.61ರಿಂದ ಗುಣಿಸಿದರೆ ಒಂದು ಸಾವಿನ ಸಂಭವನೀಯತೆ ಸಿಗುತ್ತದೆ. ಆ ಉತ್ತರವನ್ನು ಮತ್ತೆ 0.61ರಿಂದ ಗುಣಿಸಿ 2ರಿಂದ ಭಾಗಿಸಿದರೆ ಎರಡರದು, ಅದನ್ನೂ ಹಾಗೆಯೇ ಗುಣಿಸಿ 3ರಿಂದ ಭಾಗಿಸಿದರೆ ಮೂರರದು. ಪ್ರತಿಯೊಂದನ್ನೂ 200ರಿಂದ ಗುಣಿಸಿದಾಗ ಸೊನ್ನೆಯಿಂದ ನಾಲ್ಕರವರೆಗಿನ ಸಾವುಗಳಿಗೆ ಅನುಕ್ರಮವಾಗಿ 108.7, 66.3, 20.2, 4.1 ಮತ್ತು 0.6 ಘಟಕಗಳನ್ನು ನಿರೀಕ್ಷಿಸಬಹುದು. ವಾಸ್ತವದಲ್ಲಿ ದಾಖಲಾದವು 109, 65, 22, 3 ಮತ್ತು 1. ಯಾರೂ ಮುಂಗಾಣಲಾಗದ ಸಾವುಗಳ ಎಣಿಕೆ ಇಷ್ಟು ಹತ್ತಿರ ಬಂದಿರುವುದು ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಹೊಂದಾಣಿಕೆಯನ್ನು ಕಣ್ಣಂದಾಜಿಗೆ ಬಿಡದೆ, ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ತೋರಿಸುವ ಮಾನಕ ವಿಚಲನೆಯ ವರ್ಗವನ್ನೂ ಲೆಕ್ಕ ಹಾಕಬೇಕು, ಏಕೆಂದರೆ ಪಾಯ್ಸಾನ್ ವಿತರಣೆಯಲ್ಲಿ ಅದು ಸರಾಸರಿಗೆ ಸಮನಾಗಿರುತ್ತದೆ. ಇಲ್ಲಿ ಅದು ಸುಮಾರು 0.61 ಬರುತ್ತದೆ. ಸಾಂಕ್ರಾಮಿಕ ರೋಗದ ಪ್ರಕರಣಗಳಂತೆ ಒಂದರಿಂದ ಇನ್ನೊಂದು ಹುಟ್ಟುವ ಘಟನೆಗಳಲ್ಲಿ ಈ ವರ್ಗ ಸರಾಸರಿಯನ್ನು ಬಹಳವಾಗಿ ಮೀರುತ್ತದೆ. ಅಲ್ಲಿ, ಸರಾಸರಿಯನ್ನು ಮೀರಿದ ಚದುರುವಿಕೆಗೆ ಅವಕಾಶವಿರುವ ಋಣ ದ್ವಿಪದ ವಿತರಣೆಯನ್ನು ಪರಿಶೀಲಿಸುವುದು ಸೂಕ್ತ.

ಪರೀಕ್ಷೆಯಲ್ಲಿ ಮಾದರಿ ನಿಂತರೆ ಅವಧಿಯನ್ನು ಬದಲಿಸುವುದು ಸುಲಭ. ಒಂದು ದಳದ 5 ವರ್ಷಗಳಿಗೆ ದರ 3.05 ಆಗುವುದರಿಂದ, ಅಷ್ಟೂ ವರ್ಷ ಒಂದೂ ಸಾವಾಗದಿರುವ ಸಂಭವನೀಯತೆ ಸುಮಾರು 0.047ಕ್ಕೆ ಇಳಿಯುತ್ತದೆ.